ಕೋಪದ ಪಾಠ ಬಾಯಿಪಾಠವಾಯಿತು, ಮುಷ್ಟಿ ಮಾತ್ರ ಬಿಚ್ಚಲಿಲ್ಲ: ಮೈಯರಿವನ್ನೂ ನಡತೆಯನ್ನೂ ಪಾಠದೊಳಗೆ ತರುವುದು ಹೇಗೆ?

ಎಂಟನೆಯ ತರಗತಿ (ಚರ್ಚೆ ಆರಂಭಿಸಿದವರು)

ನಾನು ಗಣಿತ ಕಲಿಸುತ್ತೇನೆ. ವಾರಕ್ಕೊಂದು ಮೌಲ್ಯ ಶಿಕ್ಷಣದ ಅವಧಿಯೂ ನನ್ನ ಪಾಲಿಗೆ ಬಂದಿದೆ. ಕಳೆದ ವಾರದ ಪಾಠ ಕೋಪದ ಬಗ್ಗೆ. ಒಂದು ಕಥೆ, ಐದು ಪ್ರಶ್ನೆ. ಕೋಪ ಬಂದಾಗ ಏನು ಮಾಡಬೇಕು ಎಂದು ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು ಅರಳು ಹುರಿದಂತೆ ಉತ್ತರಿಸಿದ: ಹತ್ತರವರೆಗೆ ಎಣಿಸಬೇಕು, ನೀರು ಕುಡಿಯಬೇಕು, ಆ ಜಾಗ ಬಿಟ್ಟು ಹೋಗಬೇಕು. ಇಡೀ ತರಗತಿಯಲ್ಲಿ ಅವನದೇ ಒಳ್ಳೆಯ ಉತ್ತರ. ಇಪ್ಪತ್ತು ನಿಮಿಷ ಕಳೆದಿರಲಿಲ್ಲ, ಪಕ್ಕದವನು ತನ್ನ ಕೈವಾರ ಮುಟ್ಟಿದ ಎಂದು ಅವನ ಲೆಕ್ಕದ ಪುಸ್ತಕವನ್ನು ಪರಪರನೆ ಹರಿದು ಹಾಕಿದ.

"ಈಗ ತಾನೇ ಏನು ಹೇಳಿದ್ದೆ?" ಎಂದು ಕೇಳಿದೆ. "ಗೊತ್ತಾಗಲಿಲ್ಲ ಮಿಸ್, ಕೈ ಹೋಗಿಬಿಟ್ಟಿತು" ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಏಕೆಂದರೆ ಆ ಹೊತ್ತಿಗೆ ನನ್ನ ದವಡೆ ಬಿಗಿದುಕೊಂಡಿತ್ತು, ಭುಜಗಳು ಕಿವಿಯ ಹತ್ತಿರಕ್ಕೆ ಏರಿದ್ದವು, ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು. ಅದು ಯಾವಾಗ ಮುರಿಯಿತೋ ನನಗೂ ಗೊತ್ತಾಗಿರಲಿಲ್ಲ. ಅವನ ಕೈಗೂ ನನ್ನ ಕೈಗೂ ಆದದ್ದು ಒಂದೇ ಅಲ್ಲವೇ ಎಂಬ ಯೋಚನೆ ಅಂದಿನಿಂದ ಬಿಡುತ್ತಿಲ್ಲ.

ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಮಗುವಿಗೆ ತಿಳಿಯುವುದಕ್ಕೂ ಅದರ ನಡತೆ ರೂಪುಗೊಳ್ಳುವುದಕ್ಕೂ ನಿಜವಾಗಿ ನಂಟು ಇದೆಯೇ, ಇಲ್ಲ ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೆಯೇ? ಇದ್ದರೆ ಅದಕ್ಕೆ ಬೇರೆ ಅವಧಿ ಬೇಕೇ, ಬೀಜಗಣಿತದ ನಡುವೆಯೇ ತರಬಹುದೇ? ಉಪದೇಶಕ್ಕಿಂತ ನಿಮ್ಮ ನಿಮ್ಮ ತರಗತಿಗಳಲ್ಲಿ ನಡೆದದ್ದನ್ನು ಹೇಳಿದರೆ ಉಪಕಾರವಾಗುತ್ತದೆ.

ಮೈದಾನ

ದೈಹಿಕ ಶಿಕ್ಷಕನಾಗಿ ಇಪ್ಪತ್ತೆರಡು ವರ್ಷವಾಯಿತು. ಈ ಪ್ರಶ್ನೆಯನ್ನು ಗಣಿತದವರೊಬ್ಬರು ಕೇಳಿದ್ದು ಕಂಡು ಸಂತೋಷವಾಯಿತು ಮೇಡಂ. ನಮ್ಮ ನೆನಪಾಗುವುದು ಸಾಲು ನೇರ ಮಾಡಿಸುವಾಗ, ಗಲಾಟೆ ಅಡಗಿಸುವಾಗ. ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಕೈಬಿಡುವುದು ನಮ್ಮ ಅವಧಿಯನ್ನು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದರ ಕಾಲುಭಾಗವೂ ವೇಳಾಪಟ್ಟಿಯಲ್ಲಿ ಉಳಿಯುವುದಿಲ್ಲ ಎಂಬುದು ನನ್ನ ಸಂಕಟ.

ಆದರೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. "ಎದೆ ಮುಂದೆ, ಹೊಟ್ಟೆ ಒಳಗೆ, ಅಲುಗಾಡಬೇಡ" ಎಂದು ವರ್ಷಗಟ್ಟಲೆ ಕೂಗಿದ್ದೇನೆ. ಆಗ ಮಕ್ಕಳ ಮೈ ನನ್ನ ಹಿಡಿತದಲ್ಲಿತ್ತು, ಅವರ ಅರಿವಿನಲ್ಲಿ ಇರಲಿಲ್ಲ. ಈಗ ಅವಧಿಯ ಮೊದಲ ಮೂರು ನಿಮಿಷ ಒಂಟಿಕಾಲಿನಲ್ಲಿ ನಿಲ್ಲಿಸುತ್ತೇನೆ. ಇಷ್ಟವಿದ್ದವರು ಕಣ್ಣು ಮುಚ್ಚಬಹುದು. "ಪಾದದ ಯಾವ ಭಾಗ ದುಡಿಯುತ್ತಿದೆ?" ಎಂದು ಕೇಳುತ್ತೇನೆ. ಮೊದಮೊದಲು ಯಾರಿಗೂ ಹೇಳಲು ಬರುವುದಿಲ್ಲ. ಮೂರನೆಯ ವಾರದ ಹೊತ್ತಿಗೆ "ಬೀಳುವ ಮೊದಲು ಹೆಬ್ಬೆರಳು ನೆಲ ಕಚ್ಚುತ್ತದೆ ಸರ್" ಎನ್ನುತ್ತಾರೆ. ಬೀಳುವ ಮೊದಲು ಏನಾಗುತ್ತದೆ ಎಂದು ಅರಿತವನು ಹೊಡೆಯುವ ಮೊದಲು ಏನಾಗುತ್ತದೆ ಎಂಬುದನ್ನೂ ಅರಿಯಬಲ್ಲ.

ಸಾಕ್ಷಿ ಎಲ್ಲಿ

ಕೊನೆಯ ವಾಕ್ಯದಲ್ಲಿ ಒಂದು ದೊಡ್ಡ ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಿಬಿಟ್ಟಿರಿ ಸರ್. ಹೆಬ್ಬೆರಳಿನ ಅರಿವು ಕೋಪದ ಅರಿವಾಗುತ್ತದೆ ಎನ್ನಲು ಆಧಾರವೇನು?

ನಾನು ವಿಜ್ಞಾನ ಕಲಿಸುವವನು. ಮೈಯನ್ನು ತಿದ್ದಿದರೆ ಮನಸ್ಸು ತಿದ್ದುತ್ತದೆ ಎಂಬ ಮಾತು ಎಷ್ಟು ಬೇಗ ಹಬ್ಬುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮೈಯನ್ನು ಅಗಲವಾಗಿ ಹರಡಿ ಬಲಶಾಲಿಯ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆ ಎಂದು 2010ರಲ್ಲಿ 42 ಜನರ ಮೇಲೆ ನಡೆದ ಒಂದು ಅಧ್ಯಯನ ಹೇಳಿತು. ಜಗತ್ತಿನಾದ್ಯಂತ ತರಬೇತಿ ಶಿಬಿರಗಳಲ್ಲಿ ಜನರನ್ನು ಹಾಗೆ ನಿಲ್ಲಿಸಿದರು. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನೂ ಬದಲಾಗಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ. 'ಬಲಶಾಲಿ ಅನ್ನಿಸಿತು' ಎಂದು ಹೇಳಿಕೊಂಡದ್ದಷ್ಟೇ ಉಳಿಯಿತು. ಮೂಲ ಅಧ್ಯಯನದ ಮೊದಲ ಲೇಖಕಿಯೇ 2016ರಲ್ಲಿ ಆ ಪರಿಣಾಮದಲ್ಲಿ ತನಗೆ ನಂಬಿಕೆಯಿಲ್ಲ ಎಂದು ಬಹಿರಂಗವಾಗಿ ಬರೆದರು. ಅವರ ಪ್ರಾಮಾಣಿಕತೆಗೆ ನನ್ನ ನಮಸ್ಕಾರ.

ಇನ್ನೊಂದು, ನಮಗೆ ಇನ್ನೂ ಹತ್ತಿರದ್ದು. ಬ್ರಿಟನ್ನಿನ 85 ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯ ಶಿಕ್ಷಕರ ಮೂಲಕವೇ ಮೈಮನಸ್ಸಿನ ಎಚ್ಚರದ (ಮೈಂಡ್‌ಫುಲ್‌ನೆಸ್) ಪಾಠ ಮಾಡಿಸಿದರು. 2022ರಲ್ಲಿ ಫಲಿತಾಂಶ ಬಂತು. ಮಾಮೂಲಿ ಪಾಠ ಕೇಳಿದ ಮಕ್ಕಳಿಗಿಂತ ಇವರ ಮಾನಸಿಕ ಆರೋಗ್ಯ ಉತ್ತಮವಾಗಿರಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿಯೇ ಇರಲಿಲ್ಲ. ಇದನ್ನು ಓದದೆ ಹೊಸ ಅವಧಿ ಆರಂಭಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಮೈದಾನ

ನೆಗೆತ ದೊಡ್ಡದಾಯಿತು, ಒಪ್ಪುತ್ತೇನೆ. 'ಅರಿಯಬಲ್ಲ' ಎನ್ನುವ ಬದಲು 'ಅರಿಯಲು ಹೇಳಿಕೊಡಬಹುದು' ಎನ್ನಬೇಕಿತ್ತು. ಆದರೆ ನೀವು ಹೇಳಿದ ಎರಡೂ ಕಡೆ ಭಾಗವಹಿಸಿದವರಿಗೆ ಏನಾಗಬೇಕು ಎಂದು ಮೊದಲೇ ತೀರ್ಮಾನಿಸಿದ್ದರು. ನಾನು ಕೇಳುವುದು ಏನಾಗುತ್ತಿದೆ ಎಂದು ಮಾತ್ರ.

ಮಾತಿಗೊಬ್ಬ

ಹುಟ್ಟುಗುಣ ಸುಟ್ಟರೂ ಹೋಗದು. ಇಷ್ಟು ಚರ್ಚೆ ಏಕೆ?

ನಿವೃತ್ತ ಶಿಕ್ಷಕಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದೂ ನಮ್ಮ ಹಿರಿಯರೇ ಹೇಳಿದ್ದಾರಲ್ಲ. ಒಂದು ಗಾದೆ ಬಾಗಿಲು ಮುಚ್ಚುತ್ತದೆ, ಇನ್ನೊಂದು ಬೇಗ ಬಾ ಎನ್ನುತ್ತದೆ. ನಾನು ಎರಡನೆಯದನ್ನು ನಂಬಿ ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ಆದರೆ 'ಬಗ್ಗಿಸುವುದು' ಎಂಬ ಮಾತಿನ ಮೇಲೆ ಈಗ ನನಗೆ ಸಿಟ್ಟಿದೆ. ಮಕ್ಕಳನ್ನು ಬಗ್ಗಿಸಿದ್ದೇ ಹೆಚ್ಚಾಯಿತು. ಬಗ್ಗಿ ನಿಲ್ಲಿಸಿದ್ದೇವೆ, ಮೊಣಕಾಲೂರಿಸಿದ್ದೇವೆ, ಬೆಂಚಿನ ಮೇಲೆ ಹತ್ತಿಸಿದ್ದೇವೆ, ಕಿವಿ ಹಿಂಡಿದ್ದೇವೆ. ಮೈಯ ಮೂಲಕ ನಡತೆ ಕಲಿಸುವುದು ಹೊಸ ವಿಚಾರವೇನೂ ಅಲ್ಲ, ನಮಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅದರಿಂದ ಮಗು ಕಲಿತದ್ದು ಮೈಯೆಂದರೆ ನೋವು, ಮೈಯೆಂದರೆ ಅವಮಾನ ಎಂದು. ಆದ್ದರಿಂದ ಮೈಯರಿವು ಎಂಬ ಹೆಸರಿನಲ್ಲಿ ಯಾರಾದರೂ ಹೊಸ ಪಾಠ ತಂದರೆ ಮೊದಲು ನನ್ನ ಕಣ್ಣು ಹೋಗುವುದು ಅಲ್ಲಿ ಆಜ್ಞೆ ಕೊಡುವವರು ಯಾರು ಎಂಬುದರ ಕಡೆಗೆ.

ಗಾಲಿಕುರ್ಚಿ

ಅಮ್ಮ, ನೀವು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಹನ್ನೊಂದನೆಯ ವಯಸ್ಸಿನಿಂದ ಗಾಲಿಕುರ್ಚಿಯಲ್ಲಿದ್ದೇನೆ. ನನ್ನ ಬೆನ್ನು ಬಲಕ್ಕೆ ವಾಲುತ್ತದೆ. "ನೆಟ್ಟಗೆ ಕೂತವನ ಬುದ್ಧಿಯೂ ನೆಟ್ಟಗಿರುತ್ತದೆ" ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಒಮ್ಮೆ ನನ್ನತ್ತ ತಿರುಗಿ ನೋಡುತ್ತಿದ್ದರು. ಹೇಳಿದವರಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲ. ಭಂಗಿಯನ್ನು ಶೀಲದ ಗುರುತಾಗಿ ಮಾಡಬೇಡಿ, ದಯವಿಟ್ಟು.

ಹಾಗೆಂದು ಮೈಯರಿವು ನನಗೆ ಸಂಬಂಧಪಡದ್ದು ಎನ್ನುತ್ತಿಲ್ಲ. ಎಷ್ಟು ಹೊತ್ತಿಗೆ ಭಾರ ಬದಲಿಸಬೇಕು, ಎಲ್ಲಿ ಚರ್ಮ ಒತ್ತುತ್ತಿದೆ, ಯಾವಾಗ ಸಹಾಯ ಕೇಳಬೇಕು ಎಂಬುದನ್ನೆಲ್ಲ ನಾನು ಗಮನಿಸಿ ಗಮನಿಸಿ ಕಲಿತವನು. ಸಹಾಯ ಕೇಳಲು ಕಲಿತದ್ದು ನನ್ನ ನಡತೆಯ ದೊಡ್ಡ ಪಾಠ. ಒಂಟಿಕಾಲಿನಲ್ಲಿ ನಿಲ್ಲಿಸುವವರು ನನ್ನಂಥವನಿಗೆ ಆ ಮೂರು ನಿಮಿಷ ಏನು ಕೊಡುತ್ತಾರೆ ಎಂದು ಕೇಳಬೇಕೆನ್ನಿಸಿತು.

ಮೈದಾನ

ನಿಮ್ಮ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ, ಅದನ್ನು ಇಂದೇ ಯೋಚಿಸುತ್ತೇನೆ. ಅಂಗೈಯ ಮೇಲೆ ಕೋಲು ನಿಲ್ಲಿಸುವುದನ್ನು ಎಲ್ಲರಿಗೂ ಒಟ್ಟಿಗೆ ಕೊಟ್ಟರೆ ಹೇಗೆ? ಕಣ್ಣು, ಮೊಣಕೈ, ಬೆರಳು ಎಲ್ಲವೂ ಸೇರಿ ಸಮತೋಲ ಹುಡುಕುತ್ತವೆ.

ಗಾಲಿಕುರ್ಚಿ

ಅದು ನನಗೆ ಆಗುತ್ತದೆ. ಕೈ ನಡುಗುವವರಿಗೆ ಆಗುವುದಿಲ್ಲ. ಎರಡು ಮೂರು ಬಗೆ ಇಟ್ಟು ಆಯ್ಕೆಯನ್ನು ಮಕ್ಕಳಿಗೆ ಬಿಡಿ ಸರ್.

ಕೀಲುಮೂಳೆ

ಭೌತಚಿಕಿತ್ಸಕಿಯಾಗಿ ಎರಡು ಪದಗಳನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಅರಿವುಗಳು ಕಲಸಿಹೋಗುತ್ತಿವೆ. ಕೈಕಾಲು ಎಲ್ಲಿದೆ, ಹೇಗೆ ಬಾಗಿದೆ ಎಂದು ಕಣ್ಣು ಮುಚ್ಚಿದರೂ ಗೊತ್ತಾಗುವುದು ಒಂದು. ಸ್ನಾಯು, ಕೀಲುಗಳಿಂದ ಆ ಸುದ್ದಿ ಬರುತ್ತದೆ. ಎದೆಬಡಿತ, ಉಸಿರು, ಹಸಿವು, ಹೊಟ್ಟೆಯ ಕಳವಳ ಇವು ತಿಳಿಯುವುದು ಇನ್ನೊಂದು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ 1906ರಷ್ಟು ಹಿಂದೆಯೇ ಈ ಎರಡನ್ನೂ ಬೇರೆ ಮಾಡಿ ಹೆಸರಿಟ್ಟರು. ಮೊದಲನೆಯದನ್ನು ಪ್ರೊಪ್ರಿಯೊಸೆಪ್ಷನ್ ಎಂದೂ ಎರಡನೆಯದನ್ನು ಇಂಟರೊಸೆಪ್ಷನ್ ಎಂದೂ ಈಗ ಕರೆಯುತ್ತೇವೆ. ಮೈದಾನ ಅವರ ಹೆಬ್ಬೆರಳು ಮೊದಲನೆಯದು. ಮೇಡಂ ಅವರ ಹುಡುಗನ ಕೋಪ ಎರಡನೆಯದಕ್ಕೆ ಹತ್ತಿರ. ಒಂದರಲ್ಲಿ ಚುರುಕಾದವರು ಇನ್ನೊಂದರಲ್ಲಿಯೂ ಚುರುಕಾಗಿರಬೇಕೆಂದಿಲ್ಲ.

ಮೊದಲನೆಯದರ ಬೆಲೆ ತಿಳಿಯುವುದು ಅದು ಇಲ್ಲವಾದಾಗ. 1971ರಲ್ಲಿ 19 ವರ್ಷದ ಯುವಕನೊಬ್ಬನಿಗೆ ಜ್ವರದ ನಂತರ ಕುತ್ತಿಗೆಯ ಕೆಳಗೆ ಆ ಅರಿವು ಪೂರ್ತಿ ಹೋಯಿತು. ಸ್ನಾಯುಗಳಲ್ಲಿ ಶಕ್ತಿಯಿತ್ತು, ಆದರೆ ಕಾಲು ಎಲ್ಲಿದೆ ಎಂದು ನೋಡದೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೋಡಿ ನೋಡಿ ಮತ್ತೆ ನಡೆಯಲು ಕಲಿತ. ದೀಪ ಆರಿದರೆ ಕುಸಿಯುತ್ತಿದ್ದ. ವೈದ್ಯಕೀಯದಲ್ಲಿ ಬಹಳ ಹೆಸರಾದ ಪ್ರಕರಣವಿದು.

ಎಂಟನೆಯ ತರಗತಿಯ ಮಕ್ಕಳ ಬಗ್ಗೆ ಇನ್ನೊಂದು ಮಾತು. ಬೆಳವಣಿಗೆ ತೀವ್ರವಾಗಿರುವ ಹೊತ್ತಿನಲ್ಲಿ ಹುಡುಗರು ವರ್ಷಕ್ಕೆ 8ರಿಂದ 10 ಸೆಂಟಿಮೀಟರ್‌ವರೆಗೂ ಎತ್ತರ ಬೆಳೆಯುತ್ತಾರೆ. ಮೂಳೆ ಮೊದಲು ಉದ್ದವಾಗುತ್ತದೆ, ಆ ಉದ್ದದ ಅಂದಾಜು ಮಿದುಳಿಗೆ ಆಮೇಲೆ ಸಿಗುತ್ತದೆ. ಎಡವುವುದು, ಕೈತಾಕಿ ಬೀಳಿಸುವುದು ಎಲ್ಲ ಇದರಿಂದಲೂ ಆಗುತ್ತದೆ. ಅದನ್ನು 'ಬೇಜವಾಬ್ದಾರಿ' ಎಂದು ಬೈಯುವುದನ್ನು ನಿಲ್ಲಿಸಿದರೆ ಅದೇ ಒಂದು ಪಾಠ.

ಹಿಂದಿನ ಬೆಂಚು

ಶಾಲೆಯಲ್ಲಿ ನನ್ನನ್ನು 'ಎಮ್ಮೆ' ಎಂದು ಕರೆಯುತ್ತಿದ್ದರು. ಕೊನೆಯ ಆ ನಾಲ್ಕು ಸಾಲುಗಳನ್ನು ಮೂರು ಸಲ ಓದಿದೆ. ಕೃತಜ್ಞತೆಗಳು.

ಪದಸಂಚಿ

ನಾನು ಕನ್ನಡ ಕಲಿಸುತ್ತೇನೆ. ಪ್ರತ್ಯೇಕ ಅವಧಿ ಬೇಕೇ ಎಂಬ ಪ್ರಶ್ನೆಗೆ ನನ್ನ ತರಗತಿಯಿಂದ ಉತ್ತರ ಕೊಡುತ್ತೇನೆ. ನಮ್ಮ ಭಾಷೆಯಲ್ಲಿ ನಡತೆಯ ಪದಗಳನ್ನು ಒಟ್ಟು ಹಾಕಿ ನೋಡಿ: ಹೊಟ್ಟೆಕಿಚ್ಚು, ಎದೆಗಾರಿಕೆ, ಮೈಗಳ್ಳತನ, ತಲೆಹರಟೆ, ಬಾಯಿಬಡುಕತನ, ಕೈಬಿಗಿತ, ಕಣ್ಣುರಿ, ಕೆಚ್ಚೆದೆ. ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತದೆ. ಸೋತವನು ತಲೆ ತಗ್ಗಿಸುತ್ತಾನೆ, ಹೇಡಿ ಬೆನ್ನು ತೋರಿಸುತ್ತಾನೆ, ಕರುಣೆ ಬಂದಾಗ ಕರುಳು ಚುರ್ ಎನ್ನುತ್ತದೆ. ಮನುಷ್ಯನ ಗುಣವನ್ನು ಹೇಳಲು ಹೊರಟ ಕನ್ನಡಿಗರು ಮೈಯ ಮೇಲೆ ಬೆರಳಿಟ್ಟು ತೋರಿಸಿದ್ದಾರೆ.

ಒಂದು ದಿನ ನುಡಿಗಟ್ಟುಗಳ ಪಾಠದಲ್ಲಿ ಮಕ್ಕಳಿಗೆ ಖಾಲಿ ಹಾಳೆಯಲ್ಲಿ ಮನುಷ್ಯನ ಆಕಾರ ಬರೆಯಲು ಹೇಳಿದೆ. ಹೊಟ್ಟೆಕಿಚ್ಚು ನಿಮಗೆ ನಿಜವಾಗಿ ಎಲ್ಲಿ ಗೊತ್ತಾಗುತ್ತದೆ, ಅಲ್ಲಿಗೆ ಬಣ್ಣ ಹಚ್ಚಿ ಎಂದೆ. ನಲವತ್ತು ಹಾಳೆಗಳಲ್ಲಿ ಹೊಟ್ಟೆಗೆ ಬಣ್ಣ ಬಿದ್ದದ್ದು ಹನ್ನೊಂದರಲ್ಲಿ ಮಾತ್ರ. ಕೆಲವರು ಗಂಟಲಿಗೆ, ಕೆಲವರು ಕೆನ್ನೆಗೆ ಹಚ್ಚಿದ್ದರು. ಒಬ್ಬಳು ಎರಡೂ ಅಂಗೈಗಳಿಗೆ ಕಡುಹಸಿರು ಹಚ್ಚಿದ್ದಳು. "ಅಕ್ಕನಿಗೆ ಬಹುಮಾನ ಬಂದಾಗ ಚಪ್ಪಾಳೆ ತಟ್ಟಲು ಆಗಲಿಲ್ಲ, ಕೈ ಭಾರವಾಯಿತು" ಎಂದಳು. ಅದಾದ ಮೇಲೆ ಹೊಟ್ಟೆಕಿಚ್ಚಿನ ಬಗ್ಗೆ ನಾನು ಬೇರೆ ಏನೂ ಹೇಳಲಿಲ್ಲ.

ಇದು ನನ್ನ ಸ್ವಂತ ಉಪಾಯವೇನೂ ಅಲ್ಲ. ಫಿನ್‌ಲ್ಯಾಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಿನ್‌ಲ್ಯಾಂಡ್, ಸ್ವೀಡನ್, ತೈವಾನ್‌ಗಳ 701 ಜನರಿಂದ ಇದೇ ರೀತಿ ಭಾವನೆಗಳಿಗೆ ಬಣ್ಣ ಹಚ್ಚಿಸಿದ್ದರು. ಭಾಷೆ ಬೇರೆಯಾದರೂ ಚಿತ್ರಗಳು ಬಹುಮಟ್ಟಿಗೆ ಹೋಲುತ್ತಿದ್ದವು. ಕೋಪದಲ್ಲಿ ತಲೆ, ಎದೆಯ ಜೊತೆಗೆ ತೋಳುಗಳೂ ಕಾವೇರಿದ್ದವು. ಮೇಡಂ, ನಿಮ್ಮ ಹುಡುಗ 'ಕೈ ಹೋಗಿಬಿಟ್ಟಿತು' ಎಂದದ್ದು ಸುಮ್ಮನೆ ಬಂದ ಮಾತಲ್ಲ.

ಸಾಕ್ಷಿ ಎಲ್ಲಿ

ಅದು ಜನ ತಮಗೆ ಎಲ್ಲಿ ಅನ್ನಿಸುತ್ತದೆ ಎಂದು ಹೇಳಿಕೊಂಡದ್ದರ ನಕ್ಷೆ. ತೋಳಿನಲ್ಲಿ ನಿಜಕ್ಕೂ ಏನಾಯಿತು ಎಂದು ಅಲ್ಲಿ ಅಳೆದಿಲ್ಲ. ಈ ವ್ಯತ್ಯಾಸ ನೆನಪಿರಲಿ.

ಪದಸಂಚಿ

ಸರಿ. ನನ್ನ ತರಗತಿಗೆ ಹೇಳಿಕೊಂಡದ್ದೇ ಸಾಕು. ಅಂಗೈ ಭಾರವಾಯಿತು ಎಂದು ಹೇಳಲು ಆ ಮಗುವಿಗೆ ಮಾತು ಸಿಕ್ಕಿತಲ್ಲ.

ದುಂಡಕ್ಷರ

ಕೈಯ ಮಾತು ಬಂದದ್ದರಿಂದ ಕೇಳುತ್ತೇನೆ. ಮಕ್ಕಳು ಪೆನ್ನನ್ನು ಗುದ್ದಲಿ ಹಿಡಿದಂತೆ ಹಿಡಿದು, ಹಾಳೆ ತೂತಾಗುವಂತೆ ಒತ್ತಿ ಬರೆಯುತ್ತಾರೆ. ಇದಕ್ಕೆ ಏನು ಮಾಡಬೇಕು? ಕಾಪಿ ಬರೆಸಿ ಬರೆಸಿ ಸಾಕಾಗಿದೆ.

ಕೀಲುಮೂಳೆ

ಹಾಳೆಯ ಕೆಳಗೆ ಇನ್ನೊಂದು ಹಾಳೆ ಇಟ್ಟು, ಕೆಳಗಿನದರಲ್ಲಿ ಅಚ್ಚು ಮೂಡದಂತೆ ಬರೆಯಲು ಹೇಳಿ. ಆಮೇಲೆ ಬೇಕೆಂದೇ ಗಾಢ ಅಚ್ಚು ಮೂಡುವಂತೆ ಬರೆಯಲು ಹೇಳಿ. ಎರಡನ್ನೂ ಮಾಡಿದಾಗ ಒತ್ತಡವೆಂಬುದು ತನ್ನ ಕೈಯಲ್ಲಿದೆ ಎಂದು ಮಗುವಿಗೆ ತಿಳಿಯುತ್ತದೆ. 'ಮೆಲ್ಲಗೆ ಬರೆ' ಎಂದರೆ ಏನು ಮಾಡಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ.

ದುಂಡಕ್ಷರ

ಇದನ್ನು ಯಾರೂ ಹೇಳಿರಲಿಲ್ಲ. ನಾಳೆಯೇ ಮಾಡಿಸುತ್ತೇನೆ. ಸುಣ್ಣದ ಪುಡಿಯಿಂದ ಬೆರಳು ಒಡೆಯುವುದಕ್ಕೆ ಏನಾದರೂ ಪರಿಹಾರ ಇದೆಯೇ?

ಗಂಟಲು

ಸೀಮೆಸುಣ್ಣದ ವಿಚಾರಕ್ಕೆ ಬೇರೆ ಚರ್ಚೆ ಆರಂಭಿಸಿ. ಮೂಲ ಪ್ರಶ್ನೆಗೆ ಮರಳೋಣ.

ನಾನು ಗಾಯನ ಕಲಿಸುತ್ತೇನೆ. ಇಷ್ಟು ಹೊತ್ತು ಮಕ್ಕಳ ಮೈಯ ಬಗ್ಗೆಯೇ ಮಾತನಾಡಿದೆವು. ಶಿಕ್ಷಕರ ಮೈಯ ಮಾತು ಮೊದಲ ಬರಹದಲ್ಲಿ ಬಂದು ಅಲ್ಲಿಯೇ ಉಳಿಯಿತು. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಎಫ್. ಎಂ. ಅಲೆಗ್ಸಾಂಡರ್ ಎಂಬ ವಾಚಕರಿದ್ದರು. ವೇದಿಕೆಯ ಮೇಲೆ ದನಿ ಒಡೆಯುತ್ತಿತ್ತು. ವೈದ್ಯರಿಗೆ ಗಂಟಲಿನಲ್ಲಿ ದೋಷ ಕಾಣಲಿಲ್ಲ. ಹಾಗಾದರೆ ನಾನೇ ಏನೋ ಮಾಡಿಕೊಳ್ಳುತ್ತಿರಬೇಕು ಎಂದು ಕನ್ನಡಿಗಳ ಮುಂದೆ ನಿಂತು ತಮ್ಮನ್ನೇ ನೋಡಿಕೊಂಡರು. ಮಾತು ಆರಂಭಿಸುವ ಕ್ಷಣದಲ್ಲಿ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು, ಗಂಟಲು ಕುಗ್ಗುತ್ತಿತ್ತು, ಬಾಯಿಯಿಂದ ಗಾಳಿ ಸರ್ರನೆ ಒಳಗೆ ಹೋಗುತ್ತಿತ್ತು. ತಿದ್ದಿಕೊಳ್ಳಲು ಹೋದರು. ತಲೆಯನ್ನು ಮುಂದಕ್ಕೆ ತಂದೆ ಎಂದು ಅವರಿಗೆ ಅನ್ನಿಸುತ್ತಿತ್ತು, ಕನ್ನಡಿಯಲ್ಲಿ ಅದು ಇನ್ನಷ್ಟು ಹಿಂದಕ್ಕೆ ಹೋಗಿತ್ತು!

ಎಂದರೆ ರೂಢಿಯಾದ ತಪ್ಪು ನಮಗೆ ಸರಿ ಎಂದೇ ಅನ್ನಿಸುತ್ತದೆ. ಅವರು ಕೊನೆಗೆ ಕಂಡುಕೊಂಡ ದಾರಿ, ಮಾತನಾಡಬೇಕು ಎಂಬ ಪ್ರಚೋದನೆ ಬಂದ ಕೂಡಲೇ ಮಾತನಾಡದೆ ತಡೆದು ನಿಲ್ಲುವುದು. ಆ ತಡೆಯಲ್ಲಿ ಮಾತನಾಡಬಹುದು, ಸುಮ್ಮನಿರಬಹುದು, ಕೈಯೆತ್ತಬಹುದು, ಯಾವುದಕ್ಕೂ ಜಾಗವಿದೆ. ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಈ ಅಲೆಗ್ಸಾಂಡರ್ ಅವರ ಬಳಿ ಪಾಠ ಹೇಳಿಸಿಕೊಂಡು, ಅವರ ಪುಸ್ತಕಗಳಿಗೆ ಮುನ್ನುಡಿಯನ್ನೂ ಬರೆದರು.

ಆ ಹುಡುಗನಿಗೆ 'ಹತ್ತರವರೆಗೆ ಎಣಿಸು' ಎಂಬ ಉತ್ತರ ಗೊತ್ತಿತ್ತು. ಎಣಿಕೆ ಆರಂಭಿಸಬೇಕಾದ ಕ್ಷಣ ಯಾವುದು ಎಂದು ಗೊತ್ತಿರಲಿಲ್ಲ. ಅದನ್ನು ಅವನಿಗೆ ತೋರಿಸಬೇಕಾದವರು ಸೀಮೆಸುಣ್ಣ ಮುರಿಯುವ ಮೊದಲು ತಾವೇ ಒಮ್ಮೆ ತಡೆದು ನಿಲ್ಲಬೇಕು ಮೇಡಂ. ಕಠಿಣವಾಗಿ ಹೇಳಿದ್ದರೆ ಕ್ಷಮಿಸಿ.

ಎಂಟನೆಯ ತರಗತಿ

ಕಠಿಣವೇ, ಆದರೆ ನಿಜ. 'ಎಣಿಕೆ ಆರಂಭಿಸಬೇಕಾದ ಕ್ಷಣ' ಎಂಬುದನ್ನು ಬರೆದಿಟ್ಟುಕೊಂಡೆ.

ಸಾಕ್ಷಿ ಎಲ್ಲಿ

ಅಲೆಗ್ಸಾಂಡರ್ ಅವರ ಕಥೆ ಅವರೇ ಹೇಳಿದ್ದು. ಅವರು ಕಲಿಸಿದ, ಅವರದೇ ಹೆಸರಿನ ಪದ್ಧತಿಗೆ ಬೆನ್ನುನೋವಿನ ವಿಷಯದಲ್ಲಿ 2008ರ ಒಳ್ಳೆಯ ಪ್ರಯೋಗವೊಂದರ ಬೆಂಬಲವಿದೆ, 579 ರೋಗಿಗಳ ಮೇಲೆ ನಡೆದದ್ದು. ಬೆನ್ನುನೋವಿಗೆ ಒದಗಿದ್ದು ಶೀಲಕ್ಕೂ ಒದಗುತ್ತದೆ ಎನ್ನಲಾಗದು. ಆದರೂ ನೀವು ಹೇಳಿದ 'ತಡೆ'ಯ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ.

ಇಬ್ಬರ ತಾಯಿ

ಪೋಷಕರ ಕಡೆಯಿಂದ ಒಂದು ಮಾತು. ನನ್ನ ಮಗಳ ಶಾಲೆಯಲ್ಲಿ ಇಂಥದೊಂದು ಅವಧಿ ಆರಂಭಿಸಿದರು. ಎಲ್ಲರೂ ಕಣ್ಣು ಮುಚ್ಚಬೇಕು, ಕಣ್ಣು ತೆರೆದವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಅವಳಿಗೆ ಚಿಕ್ಕಂದಿನಲ್ಲಿ ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಗಿ ಬಂದಿತ್ತು. ಕಣ್ಣು ಮುಚ್ಚಿ ಉಸಿರಿನ ಕಡೆ ಗಮನ ಕೊಟ್ಟರೆ ಆ ದಿನಗಳೇ ನೆನಪಾಗುತ್ತವೆ. ಮೂರು ವಾರ ಹೊಟ್ಟೆನೋವೆಂದು ಶಾಲೆ ತಪ್ಪಿಸಿದಳು. ಕಾರಣ ನಮಗೆ ತಿಳಿದದ್ದು ಆಮೇಲೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದು ಎಂದು ನನಗೆ ಗೊತ್ತು, ಆದರೆ ನನ್ನ ಮಗು ಅಲ್ಲಿ ನಡುಗುತ್ತಾ ಕುಳಿತಿತ್ತು.

ಆಪ್ತಸಲಹೆ

ನಿಮ್ಮ ಮಗಳಿಗೆ ಆದದ್ದು ವಿರಳವಲ್ಲ, ತಾಯಿ. ಮೈ ಎಲ್ಲರಿಗೂ ಸುರಕ್ಷಿತ ಜಾಗವಲ್ಲ. ಪೆಟ್ಟು ತಿಂದ ಮಗುವಿಗೆ, ಕಾಯಿಲೆ ಅನುಭವಿಸಿದ ಮಗುವಿಗೆ, ಯಾರಿಂದಲೋ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಒಳಗೆ ನೋಡು ಎಂದರೆ ಅಲ್ಲಿ ಕಾಣುವುದು ಭಯ. ತರಗತಿಯಲ್ಲಿ ಅಂಥ ಮಕ್ಕಳು ಯಾರು ಎಂದು ಶಿಕ್ಷಕರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಗೊತ್ತಿಲ್ಲ ಎಂದೇ ತಿಳಿದು ಪಾಠ ರೂಪಿಸಬೇಕು. ಕಣ್ಣು ತೆರೆದೇ ಇರಲಿ. ಉಸಿರಿಗಿಂತ ಪಾದ ನೆಲಕ್ಕೆ ತಾಗಿರುವುದು, ಬೆರಳಿಗೆ ಬೆಂಚಿನ ಅಂಚು ಸಿಗುವುದು, ಕಿವಿಗೆ ಬೀಳುವ ಶಬ್ದ, ಇಂಥವುಗಳಿಂದ ಆರಂಭಿಸಿ. 'ಬೇಡ' ಎನ್ನುವ ಮಗುವಿನಿಂದ ಕಾರಣ ಕೇಳಬೇಡಿ. ತನ್ನ ಮೈಯ ಬಗ್ಗೆ 'ಬೇಡ' ಎನ್ನಲು ಕಲಿಯುವುದೂ ಈ ಪಾಠದೊಳಗೇ ಸೇರಿದೆ. ಮುಟ್ಟಿ ತಿದ್ದುವುದಂತೂ ಅನುಮತಿಯಿಲ್ಲದೆ ಕೂಡದು.

ನಿವೃತ್ತ ಶಿಕ್ಷಕಿ

'ಬೇಡ ಎನ್ನಲು ಕಲಿಯುವುದೂ ಪಾಠ.' ನಮ್ಮ ಕಾಲದಲ್ಲಿ ಇದನ್ನು ಉದ್ಧಟತನ ಎನ್ನುತ್ತಿದ್ದೆವು.

ಹಳೆಯ ಹೊತ್ತಗೆ

ತತ್ತ್ವಶಾಸ್ತ್ರ ಓದುವವನ ಎರಡು ಮಾತು. ಶೀಲಕ್ಕೂ ರೂಢಿಗೂ ಇರುವ ನಂಟನ್ನು ಅರಿಸ್ಟಾಟಲ್ ಪದದಲ್ಲಿಯೇ ತೋರಿಸುತ್ತಾನೆ. ಗ್ರೀಕಿನಲ್ಲಿ ರೂಢಿಗೆ 'ಎಥೊಸ್' ಎನ್ನುತ್ತಾರೆ, ಮೊದಲ ಸ್ವರವನ್ನು ದೀರ್ಘ ಮಾಡಿದರೆ ಶೀಲ. ಕಟ್ಟಿ ಕಟ್ಟಿ ಮನೆ ಕಟ್ಟುವವನಾಗುತ್ತಾನೆ, ನುಡಿಸಿ ನುಡಿಸಿ ವಾದ್ಯಗಾರನಾಗುತ್ತಾನೆ, ನ್ಯಾಯವಾಗಿ ನಡೆದು ನಡೆದು ನ್ಯಾಯವಂತನಾಗುತ್ತಾನೆ ಎಂಬುದು ಅವನ ವಾದ.

ಆಮೇಲೆ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸುಮಾರು 11,000 ಮಕ್ಕಳನ್ನು ಪರೀಕ್ಷಿಸಿ 1928ರಿಂದ 1930ರವರೆಗೆ ಮೂರು ಸಂಪುಟ ಪ್ರಕಟಿಸಿದರು. ನಕಲು ಮಾಡಲು, ಸುಳ್ಳು ಹೇಳಲು, ಚಿಲ್ಲರೆ ಕದಿಯಲು ಅವಕಾಶವಿರುವ ಸಂದರ್ಭಗಳನ್ನು ಒಡ್ಡಿ ನೋಡಿದರು. ಪ್ರಾಮಾಣಿಕತೆಯ ಬಗ್ಗೆ ಏನು ಗೊತ್ತಿದೆ ಎಂಬುದಕ್ಕೂ ಮಗು ಏನು ಮಾಡಿತು ಎಂಬುದಕ್ಕೂ ಬಲವಾದ ನಂಟು ಕಾಣಲಿಲ್ಲ. ಒಂದು ಕಡೆ ಪ್ರಾಮಾಣಿಕನಾದ ಹುಡುಗ ಇನ್ನೊಂದು ಕಡೆ ನಕಲು ಮಾಡಿದ. ಅರಳು ಹುರಿದಂತೆ ಉತ್ತರ ಹೇಳಿ ಪುಸ್ತಕ ಹರಿದ ಹುಡುಗ ಹೊಸಬನಲ್ಲ ಮೇಡಂ, ಅವನಿಗೆ ನೂರು ವರ್ಷದ ಇತಿಹಾಸವಿದೆ.

ಮಾತಿಗೊಬ್ಬ

ಅಂದರೆ ಶೀಲ ಎಂಬುದೇ ಇಲ್ಲ ಎಂದಾಯಿತಲ್ಲ? ನಾನು ಮೊದಲೇ ಹೇಳಿದೆ.

ಹಳೆಯ ಹೊತ್ತಗೆ

ಇಲ್ಲ. ಹೇಳಿಕೊಟ್ಟ ನೀತಿ ಸಂದರ್ಭ ಬಂದಾಗ ತಾನಾಗಿ ನಡತೆಯಾಗುವುದಿಲ್ಲ ಎಂದಾಯಿತು. ಸಂದರ್ಭದೊಳಗೇ ರೂಢಿ ಮಾಡಿಸಬೇಕು. ಹುಟ್ಟುಗುಣದ ಗಾದೆಗೆ ಇದು ಬೆಂಬಲ ಕೊಡುವುದಿಲ್ಲ, ಬದಲಿಗೆ ಅದರ ಬುಡವನ್ನೇ ಅಲುಗಿಸುತ್ತದೆ. ಗುಣ ಹುಟ್ಟಿನಿಂದ ಬಂದು ಅಚ್ಚೊತ್ತಿದಂತೆ ಇದ್ದಿದ್ದರೆ ಆ ಮಕ್ಕಳು ಎಲ್ಲ ಕಡೆ ಒಂದೇ ಬಗೆಯಲ್ಲಿ ನಡೆಯಬೇಕಿತ್ತು.

ಮಾತಿಗೊಬ್ಬ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಯೋಚಿಸುತ್ತೇನೆ.

ಮೈದಾನ

ರೂಢಿಯ ಮಾತು ಬಂದಾಗ ಜೂಡೋ ನೆನಪಾಗುತ್ತದೆ. 1882ರಲ್ಲಿ ಅದನ್ನು ಕಟ್ಟಿದ ಕಾನೊ ಜಿಗೊರೊ ಮುಖ್ಯವಾಗಿ ಶಿಕ್ಷಕರು, ಶಿಕ್ಷಕರನ್ನು ತಯಾರಿಸುವ ಸಂಸ್ಥೆಯ ಮುಖ್ಯಸ್ಥರಾಗಿ ಬಹಳ ವರ್ಷ ದುಡಿದವರು. ಅಲ್ಲಿ ಮೊದಲ ಪಾಠ ಬೀಳಿಸುವುದಲ್ಲ, ಬೀಳುವುದು. ಪೆಟ್ಟಾಗದಂತೆ ಬೀಳಲು ಬಂದ ಮೇಲೆಯೇ ಎದುರಾಳಿಯನ್ನು ಎತ್ತಿ ಹಾಕಲು ಕಲಿಸುತ್ತಾರೆ. ಎತ್ತಿ ಹಾಕುವಾಗಲೂ ಅವನ ತೋಳನ್ನು ಹಿಡಿದುಕೊಂಡೇ ಇರಬೇಕು, ಅವನು ಕ್ಷೇಮವಾಗಿ ಬೀಳಲೆಂದು. ದಯೆಯ ಮೇಲೆ ಭಾಷಣ ಕೇಳದೆ ಮಗು ಅದನ್ನು ಸಾವಿರ ಸಲ ಕೈಯಿಂದ ಮಾಡುತ್ತದೆ.

ಪಟ್ಟಿ ತಯಾರಕ

ಇದಕ್ಕೆ ಮೌಲ್ಯಮಾಪನ ಹೇಗೆ? ತಾಳ್ಮೆಗೆ ಹತ್ತು ಅಂಕ, ಮೈಯರಿವಿಗೆ ಹತ್ತು ಅಂಕ ಎಂದು ಇಟ್ಟರೆ ಆಡಳಿತದವರು ಒಪ್ಪುತ್ತಾರೆ. ಅಂಕವಿಲ್ಲದ್ದನ್ನು ಯಾರೂ ಕಲಿಸುವುದಿಲ್ಲ.

ಪದಸಂಚಿ

ದಯವಿಟ್ಟು ಬೇಡ. ಅಂಗೈಗೆ ಹಸಿರು ಹಚ್ಚಿದ ಆ ಹುಡುಗಿಯ ಹಾಳೆಗೆ ಅಂಕ ಬರುತ್ತದೆ ಎಂದಿದ್ದರೆ ಅವಳೂ ಹೊಟ್ಟೆಗೇ ಬಣ್ಣ ಹಚ್ಚುತ್ತಿದ್ದಳು.

ಆಪ್ತಸಲಹೆ

ನೂರಕ್ಕೆ ನೂರು ಒಪ್ಪುತ್ತೇನೆ. ಅಂಕ ಬಂದ ದಿನ ಮಕ್ಕಳು ಶಾಂತವಾಗಿರುವಂತೆ ಕಾಣಿಸಿಕೊಳ್ಳಲು ಕಲಿಯುತ್ತಾರೆ.

ಪಟ್ಟಿ ತಯಾರಕ

ಹಾಗಾದರೆ ಕೆಲಸ ಆಗುತ್ತಿದೆ ಎಂದು ತಿಳಿಯುವುದು ಹೇಗೆ? ನಾನು ಜಗಳಕ್ಕೆ ಕೇಳುತ್ತಿಲ್ಲ, ವರದಿ ಬರೆಯಬೇಕಾದವನು ನಾನು.

ಕೀಲುಮೂಳೆ

ಮಕ್ಕಳಿಗೆ ಅಂಕ ಕೊಡದೆ ಪಾಠವನ್ನೇ ಅಳೆಯಿರಿ. ತಿಂಗಳಲ್ಲಿ ಎಷ್ಟು ಜಗಳ ಹೊಡೆದಾಟಕ್ಕೆ ಹೋಯಿತು, ಎಷ್ಟು ಸಲ ಮಗು ತಾನಾಗಿ ಬಂದು ಹೇಳಿಕೊಂಡಿತು, ಶಿಕ್ಷಕರ ದನಿ ಎಷ್ಟು ಸಲ ಏರಿತು. ಯಾರ ಹೆಸರೂ ಇಲ್ಲದೆ ಬರೆದಿಡಬಹುದು.

ಹಿಂದಿನ ಬೆಂಚು

ನನಗೊಬ್ಬರು ಇತಿಹಾಸದ ಮೇಷ್ಟ್ರು ಇದ್ದರು. ತರಗತಿಯಲ್ಲಿ ಯಾರಾದರೂ ಮಿತಿ ಮೀರಿದರೆ ಅವರು ಡಸ್ಟರನ್ನು ಮೇಜಿನ ಮೇಲೆ ಇಡುತ್ತಿದ್ದರು, ಎರಡೂ ಅಂಗೈಗಳನ್ನು ಮೇಜಿಗೆ ಊರುತ್ತಿದ್ದರು, ಒಮ್ಮೆ ಉಸಿರು ಬಿಡುತ್ತಿದ್ದರು. ಆಮೇಲೆ ಮಾತು. ಇಪ್ಪತ್ತು ವರ್ಷವಾಯಿತು, ಅವರು ಹೇಳಿದ ಇಸವಿಗಳೆಲ್ಲ ಮರೆತಿವೆ. ಮೊನ್ನೆ ನನ್ನ ಮಗನ ಮೇಲೆ ಸಿಟ್ಟು ಬಂದಾಗ ನನ್ನ ಎರಡೂ ಕೈ ಮೇಜಿನ ಮೇಲಿದ್ದವು. ಅದು ಯಾರ ಕೈ ಎಂದು ಆಗ ನೆನಪಾಯಿತು.

ಎಂಟನೆಯ ತರಗತಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಪ್ರತ್ಯೇಕ ಅವಧಿ ಮಾಡಲಿಲ್ಲ. ಬೀಜಗಣಿತದಲ್ಲಿ ಒಂದು ಜಾಗವನ್ನು ಆರಿಸಿಕೊಂಡೆ: ಲೆಕ್ಕ ತಪ್ಪಿದೆ ಎಂದು ತಿಳಿಯುವ ಕ್ಷಣ. ಆಗ ಪೆನ್ನು ಕೆಳಗಿಡಬೇಕು, ಪಾದ ನೆಲದ ಮೇಲಿದೆಯೇ ನೋಡಿಕೊಳ್ಳಬೇಕು, ಮೈಯಲ್ಲಿ ಎಲ್ಲಿ ಬಿಗಿಯಾಯಿತು ಎಂದು ಬೇಕಿದ್ದರೆ ಪುಸ್ತಕದ ಅಂಚಿನಲ್ಲಿ ಒಂದು ಪದ ಬರೆಯಬಹುದು. ಬರೆಯಲೇಬೇಕೆಂದಿಲ್ಲ. ಮುಖ, ಭುಜ, ಹೊಟ್ಟೆ ಎಂದು ಬರೆಯುತ್ತಾರೆ. ಇಬ್ಬರು ಒಮ್ಮೆಯೂ ಬರೆದಿಲ್ಲ, ನಾನು ಕೇಳಿಲ್ಲ. ನಾನೂ ಕಪ್ಪುಹಲಗೆಯ ಮೇಲೆ ತಪ್ಪಿದಾಗ ಸೀಮೆಸುಣ್ಣ ಕೆಳಗಿಡುತ್ತೇನೆ. ಒಂದು ದಿನ ಅಂಚಿನಲ್ಲಿ 'ದವಡೆ' ಎಂದು ಬರೆದೆ, ಇಡೀ ತರಗತಿ ತಮ್ಮ ತಮ್ಮ ದವಡೆ ಮುಟ್ಟಿ ನೋಡಿಕೊಂಡಿತು.

ಆ ಹುಡುಗ ಬದಲಾದ ಎಂದು ಹೇಳಲಾರೆ. ಕಳೆದ ವಾರ ಒಮ್ಮೆ "ಮಿಸ್, ಕೈ ಬಿಸಿಯಾಗುತ್ತಿದೆ" ಎಂದು ಹೇಳಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತ. ಎರಡು ದಿನ ಬಿಟ್ಟು ಮತ್ತೆ ಒಬ್ಬನನ್ನು ತಳ್ಳಿದ. ಸಾಕ್ಷಿ ಎಲ್ಲಿ ಅವರೇ, ಒಂದು ಸಲ ತಡೆದದ್ದು, ಒಂದು ಸಲ ತಳ್ಳಿದ್ದು ಎರಡನ್ನೂ ಬರೆದಿಟ್ಟಿದ್ದೇನೆ.

ಸಾಕ್ಷಿ ಎಲ್ಲಿ

ಮುಂದುವರಿಸಿ ಮೇಡಂ. ನನ್ನ ಪ್ರಯೋಗಾಲಯದ ಅವಧಿಯಲ್ಲಿಯೂ ಇದನ್ನು ಮಾಡಿಸಿ ಎಣಿಸುತ್ತೇನೆ. ಗಾಜು ಒಡೆಯುವ ಲೆಕ್ಕ ನನ್ನ ಬಳಿ ಹೇಗೂ ಇದೆ.

ಇಬ್ಬರ ತಾಯಿ

ಪುಸ್ತಕ ಹರಿದುಹೋದ ಹುಡುಗನ ಬಗ್ಗೆ ಇಷ್ಟು ಹೊತ್ತು ಯಾರೂ ಕೇಳಲಿಲ್ಲ. ಅವನು ಹೇಗಿದ್ದಾನೆ?

ಎಂಟನೆಯ ತರಗತಿ

ಕೇಳಿದ್ದಕ್ಕೆ ಕೃತಜ್ಞತೆಗಳು. ಮೊದಲ ವಾರ ಅವನಿಗೆ ಬೇರೆ ಜಾಗ ಕೊಟ್ಟಿದ್ದೆ. ಆಮೇಲೆ ಅವನಾಗಿಯೇ ಒಪ್ಪಿದ ಮೇಲೆ ಇಬ್ಬರೂ ಕುಳಿತು ಹರಿದ ಪುಟಗಳನ್ನು ಜೋಡಿಸಿ ಅಂಟಿಸಿದರು. ಎರಡು ದಿನ ಹಿಡಿಯಿತು. ಒಂದು ಪುಟ ಎಲ್ಲಿಯೂ ಸಿಗಲಿಲ್ಲ, ಅದನ್ನು ಹರಿದವನೇ ತನ್ನ ಪುಸ್ತಕ ನೋಡಿ ಬರೆದುಕೊಟ್ಟ. ಅದರಲ್ಲಿ ಆರನೆಯ ಲೆಕ್ಕದ ಚಿಹ್ನೆ ತಪ್ಪಿದೆ, ಮೂಲದಲ್ಲಿಯೂ ತಪ್ಪೇ. ನಾಳೆ ಇಬ್ಬರಿಗೂ ತೋರಿಸಬೇಕು.